ಅಭಿಧಮನಿ ದ್ರವಗಳು

ಅಭಿಧಮನಿ ದ್ರವಗಳು ಅಥವಾ ಐ.ವಿ. ದ್ರವಗಳು ಎಂದರೆ ಅಭಿಧಮನಿಯ ಮೂಲಕ ನೇರವಾಗಿ ರಕ್ತಪ್ರವಾಹಕ್ಕೆ ಸೇರಿಸಲು ಸಿದ್ಧಪಡಿಸಿದ ಕ್ರಿಮಿರಹಿತ ದ್ರಾವಣಗಳು. ನೀರು, ಲವಣಗಳು, ಸಕ್ಕರೆ, ಪ್ರೋಟೀನು ಮೊದಲಾದವು ಇವುಗಳಲ್ಲಿ ನಿರ್ದಿಷ್ಟ ಪ್ರಮಾಣದಲ್ಲಿ ಇರುತ್ತವೆ. ಆಡುಮಾತಿನಲ್ಲಿ ಇವನ್ನು ‘ಡ್ರಿಪ್ಸ್’, ‘ಸಲೈನ್’ ಅಥವಾ ‘ಗ್ಲೂಕೋಸ್ ಬಾಟಲಿ’ ಎನ್ನುತ್ತಾರೆ. ಬಾಯಿಯ ಮೂಲಕ ನೀರು ಸೇವಿಸಲಾಗದ ರೋಗಿಗಳಿಗೆ, ರಕ್ತಸ್ರಾವ, ಭೇದಿ, ಸುಟ್ಟಗಾಯ ಮುಂತಾದ ಕಾರಣಗಳಿಂದ ದೇಹದ ದ್ರವವನ್ನು ವೇಗವಾಗಿ ಕಳೆದುಕೊಂಡವರಿಗೆ ಹಾಗೂ ಔಷಧಿಗಳನ್ನು ರಕ್ತಕ್ಕೆ ತಲುಪಿಸಲು ಇವುಗಳನ್ನು ಬಳಸಲಾಗುತ್ತದೆ. ಯಾವ ದ್ರವವನ್ನು ಎಷ್ಟು ಪ್ರಮಾಣದಲ್ಲಿ ಕೊಡಬೇಕೆಂಬುದನ್ನು ವೈದ್ಯರು ನಿರ್ಧರಿಸುತ್ತಾರೆ. ಅದನ್ನು ಸರಿಯಾದ ವೇಗದಲ್ಲಿ ಹರಿಸುವುದು, ರೋಗಿಯ ಮೇಲೆ ನಿಗಾ ಇಡುವುದು ಮತ್ತು ತೊಡಕುಗಳನ್ನು ಮೊದಲೇ ಗುರುತಿಸುವುದು ಶುಶ್ರೂಷಕರ ಹೊಣೆ. ಅಭಿಧಮನಿ ದ್ರವವೂ ಒಂದು ಔಷಧಿಯೇ ಆಗಿರುವುದರಿಂದ ಅದಕ್ಕೂ ಪ್ರಮಾಣ, ಅಡ್ಡಪರಿಣಾಮ ಮತ್ತು ನಿಷೇಧಗಳಿವೆ.

## ಇತಿಹಾಸ

1831ರಲ್ಲಿ ಬ್ರಿಟನ್‌ಗೆ ಕಾಲರಾ ಸಾಂಕ್ರಾಮಿಕ ತಲುಪಿದಾಗ, ವಿಲಿಯಂ ಬ್ರೂಕ್ ಓ’ಶಾನೆಸಿ ಎಂಬ ಯುವ ವೈದ್ಯರು ರೋಗಿಗಳ ರಕ್ತವನ್ನು ಪರೀಕ್ಷಿಸಿ, ಅದರಲ್ಲಿ ನೀರು ಮತ್ತು ಲವಣಗಳ ಅಂಶ ಬಹಳ ಕಡಿಮೆಯಾಗಿರುವುದನ್ನು ತೋರಿಸಿಕೊಟ್ಟರು. 1832ರಲ್ಲಿ ಸ್ಕಾಟ್ಲೆಂಡಿನ ಲೀತ್ ಪಟ್ಟಣದ ವೈದ್ಯ ಥಾಮಸ್ ಲಟ್ಟಾ ಈ ಅರಿವನ್ನು ಚಿಕಿತ್ಸೆಗೆ ಅಳವಡಿಸಿ, ಕಾಲರಾ ರೋಗಿಗಳ ಅಭಿಧಮನಿಗೆ ಲವಣದ ದ್ರಾವಣವನ್ನು ಹರಿಸಿದರು. ಅವರ ಮೊದಲ ರೋಗಿಯಾದ ವೃದ್ಧೆಯೊಬ್ಬರು ಸಾವಿನ ಅಂಚಿನಿಂದ ಅಲ್ಪಕಾಲದಲ್ಲೇ ಚೇತರಿಸಿಕೊಂಡರು. ಆದರೆ ಲಟ್ಟಾ ಅಲ್ಲಿಂದ ತೆರಳಿದ ಮೇಲೆ ಭೇದಿ ಮರುಕಳಿಸಿತು. ದ್ರವವನ್ನು ಮುಂದುವರಿಸದ ಕಾರಣ ಆಕೆ ಕೆಲವೇ ಗಂಟೆಗಳಲ್ಲಿ ತೀರಿಕೊಂಡರು. ಕೊಟ್ಟ ದ್ರವದಷ್ಟೇ ಅನಂತರದ ನಿಗಾ ಕೂಡ ಮುಖ್ಯವೆಂಬುದು ಈ ಚಿಕಿತ್ಸೆಯ ಮೊದಲ ಪ್ರಕರಣದಲ್ಲೇ ಕಂಡುಬಂದಿತು.

1880ರ ದಶಕದಲ್ಲಿ ಲಂಡನ್ನಿನ ಸಿಡ್ನಿ ರಿಂಗರ್ ಅವರು ಕಪ್ಪೆಯ ಹೃದಯ ದೇಹದ ಹೊರಗೂ ಬಡಿಯುತ್ತಿರಲು ಸೋಡಿಯಂ ಜೊತೆಗೆ ಪೊಟ್ಯಾಸಿಯಂ ಮತ್ತು ಕ್ಯಾಲ್ಸಿಯಂ ಕೂಡ ಬೇಕೆಂದು ಕಂಡುಹಿಡಿದರು. 1930ರ ದಶಕದಲ್ಲಿ ಅಮೆರಿಕದ ಮಕ್ಕಳ ತಜ್ಞ ಅಲೆಕ್ಸಿಸ್ ಹಾರ್ಟ್‌ಮನ್ ರಿಂಗರ್ ದ್ರಾವಣಕ್ಕೆ ಸೋಡಿಯಂ ಲ್ಯಾಕ್ಟೇಟ್ ಸೇರಿಸಿದರು. ಇಂದಿನ ರಿಂಗರ್ ಲ್ಯಾಕ್ಟೇಟ್ ಬಳಕೆಗೆ ಬಂದದ್ದು ಹೀಗೆ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಕಲ್ಕತ್ತೆಯ ಲಿಯೊನಾರ್ಡ್ ರಾಜರ್ಸ್ ಕಾಲರಾ ರೋಗಿಗಳಿಗೆ ಸಾಂದ್ರ ಲವಣದ್ರಾವಣವನ್ನು ಬಳಸಿ ಮರಣ ಪ್ರಮಾಣವನ್ನು ತಗ್ಗಿಸಿದರು.

## ದೇಹದಲ್ಲಿ ದ್ರವದ ಹಂಚಿಕೆ

ವಯಸ್ಕ ಪುರುಷನ ದೇಹತೂಕದ ಸುಮಾರು ಶೇ. 60ರಷ್ಟು ಮತ್ತು ಸ್ತ್ರೀಯ ದೇಹತೂಕದ ಸುಮಾರು ಶೇ. 50ರಷ್ಟು ನೀರಿರುತ್ತದೆ. ನವಜಾತ ಶಿಶುಗಳಲ್ಲಿ ಇದು ಶೇ. 70ನ್ನೂ ಮೀರುತ್ತದೆ. ಈ ನೀರಿನ ಮೂರನೆಯ ಎರಡು ಭಾಗ ಜೀವಕೋಶಗಳ ಒಳಗೂ, ಮೂರನೆಯ ಒಂದು ಭಾಗ ಹೊರಗೂ ಇರುತ್ತದೆ. ಹೊರಗಿರುವ ದ್ರವದಲ್ಲಿ ಸುಮಾರು ನಾಲ್ಕನೆಯ ಒಂದು ಭಾಗ ಮಾತ್ರ ರಕ್ತನಾಳಗಳೊಳಗೆ ಪ್ಲಾಸ್ಮಾ ರೂಪದಲ್ಲಿದ್ದು, ಉಳಿದುದು ಜೀವಕೋಶಗಳ ನಡುವಿನ ಅವಕಾಶದಲ್ಲಿರುತ್ತದೆ.

ಅಭಿಧಮನಿಗೆ ಹರಿಸಿದ ದ್ರವ ಈ ಮೂರು ವಿಭಾಗಗಳಲ್ಲಿ ಎಲ್ಲಿಗೆ ಸೇರುತ್ತದೆ ಎಂಬುದು ಅದರಲ್ಲಿ ಕರಗಿರುವ ಕಣಗಳನ್ನು ಅವಲಂಬಿಸಿದೆ. ಒಂದು ಲೀಟರ್ ಶೇ. 0.9ರ ಸಲೈನ್ ಕೊಟ್ಟರೆ ಅದು ಜೀವಕೋಶಗಳ ಹೊರಗೇ ಉಳಿದು, ಅದರಲ್ಲಿ ಸುಮಾರು 250 ಮಿ.ಲೀ. ರಕ್ತನಾಳಗಳಲ್ಲಿ ನಿಲ್ಲುತ್ತದೆ. ಒಂದು ಲೀಟರ್ ಶೇ. 5ರ ಡೆಕ್ಸ್‌ಟ್ರೋಸ್ ಕೊಟ್ಟರೆ, ಸಕ್ಕರೆಯನ್ನು ದೇಹ ಬಳಸಿಕೊಂಡ ಮೇಲೆ ಬರಿಯ ನೀರು ಉಳಿದು ಎಲ್ಲ ವಿಭಾಗಗಳಿಗೂ ಹರಡುತ್ತದೆ. ರಕ್ತನಾಳಗಳಲ್ಲಿ ಉಳಿಯುವುದು 80 ಮಿ.ಲೀ. ಆಸುಪಾಸು ಮಾತ್ರ. ರಕ್ತಸ್ರಾವದಿಂದ ಶಾಕ್ ಸ್ಥಿತಿಗೆ ಹೋದ ರೋಗಿಗೆ ಡೆಕ್ಸ್‌ಟ್ರೋಸ್ ಉಪಯೋಗಕ್ಕೆ ಬಾರದಿರಲು ಇದೇ ಕಾರಣ.

## ಸಾಂದ್ರತೆಯ ಆಧಾರದ ಮೇಲೆ ವರ್ಗೀಕರಣ

ರಕ್ತದ ಪ್ಲಾಸ್ಮಾದ ಆಸ್ಮೊಲಾರಿಟಿ ಸಾಮಾನ್ಯವಾಗಿ 275ರಿಂದ 295 ಮಿಲಿಆಸ್ಮೋಲ್ ಇರುತ್ತದೆ. ಇದಕ್ಕೆ ಹೋಲಿಸಿ ದ್ರವಗಳನ್ನು ಮೂರು ಬಗೆಯಾಗಿ ವಿಂಗಡಿಸುತ್ತಾರೆ.

* ಐಸೋಟಾನಿಕ್ ದ್ರವಗಳು: ಪ್ಲಾಸ್ಮಾದಷ್ಟೇ ಸಾಂದ್ರತೆಯುಳ್ಳವು. ಜೀವಕೋಶಗಳು ಉಬ್ಬುವುದೂ ಇಲ್ಲ, ಕುಗ್ಗುವುದೂ ಇಲ್ಲ. ಉದಾಹರಣೆ: ಶೇ. 0.9ರ ಸಲೈನ್, ರಿಂಗರ್ ಲ್ಯಾಕ್ಟೇಟ್.
* ಹೈಪೋಟಾನಿಕ್ ದ್ರವಗಳು: ಪ್ಲಾಸ್ಮಾಕ್ಕಿಂತ ತೆಳುವಾದವು. ನೀರು ಅಭಿಸರಣೆಯಿಂದ ಜೀವಕೋಶಗಳ ಒಳಗೆ ಸೇರಿ ಅವು ಉಬ್ಬುತ್ತವೆ. ಉದಾಹರಣೆ: ಶೇ. 0.45ರ ಸಲೈನ್.
* ಹೈಪರ್‌ಟಾನಿಕ್ ದ್ರವಗಳು: ಪ್ಲಾಸ್ಮಾಕ್ಕಿಂತ ಸಾಂದ್ರವಾದವು. ಜೀವಕೋಶಗಳಿಂದ ನೀರನ್ನು ಹೊರಕ್ಕೆ ಸೆಳೆಯುತ್ತವೆ. ಉದಾಹರಣೆ: ಶೇ. 3ರ ಸಲೈನ್.

ಕೆಳಗಿನ ಕೋಷ್ಟಕದಲ್ಲಿ ಲವಣಗಳ ಪ್ರಮಾಣವನ್ನು ಲೀಟರಿಗೆ ಮಿಲಿಮೋಲ್‌ಗಳಲ್ಲಿ ಕೊಡಲಾಗಿದೆ. ತಯಾರಕರಿಗೆ ಅನುಗುಣವಾಗಿ ಅಲ್ಪ ವ್ಯತ್ಯಾಸಗಳಿರಬಹುದು.

| ದ್ರವ | ಸೋಡಿಯಂ | ಕ್ಲೋರೈಡ್ | ಇತರ ಅಂಶಗಳು | ಆಸ್ಮೊಲಾರಿಟಿ (ಅಂದಾಜು) |
|---|---|---|---|---|
| ಶೇ. 0.9ರ ಸಲೈನ್ | 154 | 154 | – | 308 |
| ಶೇ. 0.45ರ ಸಲೈನ್ | 77 | 77 | – | 154 |
| ಶೇ. 3ರ ಸಲೈನ್ | 513 | 513 | – | 1026 |
| ರಿಂಗರ್ ಲ್ಯಾಕ್ಟೇಟ್ | 130 | 109 | ಪೊಟ್ಯಾಸಿಯಂ 4, ಲ್ಯಾಕ್ಟೇಟ್ 28, ಅಲ್ಪ ಕ್ಯಾಲ್ಸಿಯಂ | 273 |
| ಶೇ. 5ರ ಡೆಕ್ಸ್‌ಟ್ರೋಸ್ | 0 | 0 | ಸಕ್ಕರೆ 50 ಗ್ರಾಂ | 252 |
| ಡೆಕ್ಸ್‌ಟ್ರೋಸ್ ಸಲೈನ್ (ಡಿ.ಎನ್.ಎಸ್.) | 154 | 154 | ಸಕ್ಕರೆ 50 ಗ್ರಾಂ | 560 |

## ಕ್ರಿಸ್ಟಲಾಯ್ಡ್ ದ್ರವಗಳು

ನೀರಿನಲ್ಲಿ ಸಣ್ಣ ಅಣುಗಳು ಮಾತ್ರ ಕರಗಿರುವ, ರಕ್ತನಾಳದ ಭಿತ್ತಿಯನ್ನು ಸುಲಭವಾಗಿ ದಾಟಬಲ್ಲ ದ್ರವಗಳಿವು. ಅಗ್ಗವಾಗಿಯೂ ಸುಲಭವಾಗಿಯೂ ದೊರೆಯುವುದರಿಂದ ಆಸ್ಪತ್ರೆಗಳಲ್ಲಿ ಇವುಗಳ ಬಳಕೆಯೇ ಹೆಚ್ಚು.

### ಶೇ. 0.9ರ ಸಲೈನ್

ಒಂದು ಲೀಟರ್ ನೀರಿನಲ್ಲಿ 9 ಗ್ರಾಂ ಸೋಡಿಯಂ ಕ್ಲೋರೈಡ್ ಇರುವ ಇದನ್ನು ‘ನಾರ್ಮಲ್ ಸಲೈನ್’ ಅಥವಾ ಎನ್.ಎಸ್. ಎನ್ನುತ್ತಾರೆ. ವಾಂತಿಯಿಂದಾದ ನಿರ್ಜಲೀಕರಣ, ಶಾಕ್, ಮಧುಮೇಹದ ಕೀಟೋಅಸಿಡೋಸಿಸ್‌ನ ಆರಂಭಿಕ ಹಂತ ಮೊದಲಾದ ಸ್ಥಿತಿಗಳಲ್ಲಿ ಇದನ್ನು ಬಳಸುತ್ತಾರೆ. ರಕ್ತ ಪೂರಣದ ಕೊಳವೆಯಲ್ಲಿ ರಕ್ತದೊಂದಿಗೆ ಹರಿಸಲು ಬಳಸುವ ದ್ರವ ಇದೇ. ಹೆಸರಿನಲ್ಲಿ ‘ನಾರ್ಮಲ್’ ಎಂದಿದ್ದರೂ ಇದರ ಕ್ಲೋರೈಡ್ ಅಂಶ ರಕ್ತದಲ್ಲಿರುವುದಕ್ಕಿಂತ ಬಹಳ ಹೆಚ್ಚು. ಹೆಚ್ಚಿನ ಪ್ರಮಾಣದಲ್ಲಿ ಕೊಟ್ಟಾಗ ರಕ್ತದ ಆಮ್ಲೀಯತೆ ಹೆಚ್ಚಬಹುದು. ಹೃದಯ ವೈಫಲ್ಯ ಮತ್ತು ಮೂತ್ರಪಿಂಡ ವೈಫಲ್ಯವಿರುವವರಿಗೆ ಎಚ್ಚರಿಕೆಯಿಂದ ಕೊಡಬೇಕು.

### ರಿಂಗರ್ ಲ್ಯಾಕ್ಟೇಟ್

ಆರ್.ಎಲ್. ಎಂದು ಕರೆಯಲ್ಪಡುವ ಈ ದ್ರವದ ಸಂಯೋಜನೆ ಪ್ಲಾಸ್ಮಾಕ್ಕೆ ಹತ್ತಿರವಾಗಿದೆ. ಇದರ ಲ್ಯಾಕ್ಟೇಟ್ ಮುಖ್ಯವಾಗಿ ಯಕೃತ್ತಿನಲ್ಲಿ ಬೈಕಾರ್ಬನೇಟ್ ಆಗಿ ಮಾರ್ಪಟ್ಟು ಆಮ್ಲೀಯತೆಯನ್ನು ತಗ್ಗಿಸುತ್ತದೆ. ಶಸ್ತ್ರಚಿಕಿತ್ಸೆ, ಸುಟ್ಟಗಾಯ, ಅಪಘಾತದ ಗಾಯಗಳು ಮತ್ತು ತೀವ್ರ ಭೇದಿಯಲ್ಲಿ ಇದಕ್ಕೆ ಆದ್ಯತೆ ಇದೆ. ತೀವ್ರ ಯಕೃತ್ ವೈಫಲ್ಯದಲ್ಲಿ ಇದನ್ನು ತಪ್ಪಿಸುತ್ತಾರೆ. ಇದರಲ್ಲಿ ಕ್ಯಾಲ್ಸಿಯಂ ಇರುವುದರಿಂದ ಸಂಗ್ರಹಿತ ರಕ್ತವನ್ನು ಇದೇ ಕೊಳವೆಯಲ್ಲಿ ಹರಿಸಿದರೆ ರಕ್ತ ಹೆಪ್ಪುಗಟ್ಟಬಹುದು. ಸೆಫ್ಟ್ರಿಯಾಕ್ಸೋನ್ ಎಂಬ ಪ್ರತಿಜೈವಿಕವನ್ನೂ ಇದರೊಂದಿಗೆ ಬೆರೆಸಬಾರದು. ಎರಡೂ ಸೇರಿ ಕರಗದ ಕಣಗಳು ಉಂಟಾಗುತ್ತವೆ. ನವಜಾತ ಶಿಶುಗಳಲ್ಲಿ ಈ ಎರಡನ್ನೂ ಬೇರೆ ಬೇರೆಯಾಗಿಯೂ ಕೊಡಬಾರದು.

### ಡೆಕ್ಸ್‌ಟ್ರೋಸ್ ದ್ರಾವಣಗಳು

ಶೇ. 5ರ ಡೆಕ್ಸ್‌ಟ್ರೋಸ್ ಬಾಟಲಿಯಲ್ಲಿರುವಾಗ ಐಸೋಟಾನಿಕ್‌ಗೆ ಹತ್ತಿರವಿದ್ದರೂ ದೇಹದೊಳಗೆ ಹೈಪೋಟಾನಿಕ್ ಆಗಿ ವರ್ತಿಸುತ್ತದೆ. ರಕ್ತದಲ್ಲಿ ಸೋಡಿಯಂ ಹೆಚ್ಚಾಗಿರುವಾಗ ನೀರನ್ನು ಪೂರೈಸಲು ಮತ್ತು ಕೆಲವು ಔಷಧಿಗಳನ್ನು ಬೆರೆಸಲು ಉಪಯುಕ್ತ. ತಲೆಗೆ ಪೆಟ್ಟಾದವರಲ್ಲಿ ಮತ್ತು ಮಿದುಳಿನ ಊತವಿರುವವರಲ್ಲಿ ಊತವನ್ನು ಹೆಚ್ಚಿಸುವುದರಿಂದ ಬಳಸುವುದಿಲ್ಲ. ಶೇ. 10, 25 ಮತ್ತು 50ರ ಸಾಂದ್ರ ದ್ರಾವಣಗಳನ್ನು ರಕ್ತದ ಸಕ್ಕರೆ ಅಪಾಯಕಾರಿಯಾಗಿ ಕುಸಿದಾಗ ಕೊಡಲಾಗುತ್ತದೆ. ಇವು ನಾಳವನ್ನು ಕೆರಳಿಸುವುದರಿಂದ, ಕ್ಯಾನುಲಾ ನಾಳದೊಳಗೇ ಇದೆಯೆಂದು ಖಚಿತಪಡಿಸಿಕೊಂಡು ದೊಡ್ಡ ಅಭಿಧಮನಿಗೆ ನಿಧಾನವಾಗಿ ಕೊಡಬೇಕು. ದೀರ್ಘಕಾಲದ ಮದ್ಯವ್ಯಸನಿಗಳಿಗೆ ಹಾಗೂ ಅಪೌಷ್ಟಿಕತೆಯುಳ್ಳವರಿಗೆ ಡೆಕ್ಸ್‌ಟ್ರೋಸ್‌ಗೆ ಮೊದಲು ಅಥವಾ ಅದರ ಜೊತೆಗೆ ಥಯಮಿನ್ ಕೊಡಲಾಗುತ್ತದೆ. ಇಲ್ಲವಾದರೆ ಮಿದುಳಿಗೆ ಹಾನಿಯಾಗುವ ಸಂಭವವಿದೆ.

### ಶೇ. 3ರ ಸಲೈನ್

ರಕ್ತದ ಸೋಡಿಯಂ ಕುಸಿದು ಫಿಟ್ಸ್ ಅಥವಾ ಪ್ರಜ್ಞಾಹೀನತೆ ಉಂಟಾದಾಗ ಹಾಗೂ ತಲೆಬುರುಡೆಯೊಳಗಿನ ಒತ್ತಡ ಏರಿದಾಗ ತೀವ್ರ ನಿಗಾ ಘಟಕಗಳಲ್ಲಿ ಬಳಸುವ ದ್ರವವಿದು. ಬಹುದಿನಗಳಿಂದ ಕಡಿಮೆಯಾಗಿದ್ದ ಸೋಡಿಯಂ ಅನ್ನು ವೇಗವಾಗಿ ಏರಿಸಿದರೆ ಮಿದುಳಿನ ನರತಂತುಗಳ ಹೊದಿಕೆ ನಾಶವಾಗಿ ಶಾಶ್ವತ ಅಂಗವೈಕಲ್ಯ ಉಂಟಾಗಬಹುದು. ಆದ್ದರಿಂದ ಏರಿಕೆಯನ್ನು ಸಾಮಾನ್ಯವಾಗಿ 24 ಗಂಟೆಗಳಲ್ಲಿ ಲೀಟರಿಗೆ 8ರಿಂದ 10 ಮಿಲಿಮೋಲ್‌ಗೆ ಮಿತಿಗೊಳಿಸಿ, ಪದೇ ಪದೇ ರಕ್ತ ಪರೀಕ್ಷೆ ಮಾಡಲಾಗುತ್ತದೆ.

### ಮಕ್ಕಳ ನಿರ್ವಹಣಾ ದ್ರವಗಳು

ಮಕ್ಕಳಿಗೆ ದಿನನಿತ್ಯದ ಅಗತ್ಯವನ್ನು ಪೂರೈಸಲು ಕಡಿಮೆ ಸೋಡಿಯಂ ಇರುವ, ಐಸೋಲೈಟ್-ಪಿಯಂತಹ ದ್ರವಗಳನ್ನು ಬಹುಕಾಲ ಬಳಸಲಾಗುತ್ತಿತ್ತು. ಕಾಯಿಲೆಯಲ್ಲಿರುವ ಮಗುವಿನ ದೇಹ ನೀರನ್ನು ಹೆಚ್ಚಾಗಿ ಹಿಡಿದಿಟ್ಟುಕೊಳ್ಳುವುದರಿಂದ ಇಂತಹ ದ್ರವಗಳಿಂದ ಸೋಡಿಯಂ ಕುಸಿಯುವ ಅಪಾಯವಿದೆ. 2018ರಲ್ಲಿ ಅಮೆರಿಕನ್ ಅಕಾಡೆಮಿ ಆಫ್ ಪೀಡಿಯಾಟ್ರಿಕ್ಸ್ 28 ದಿನಗಳಿಂದ 18 ವರ್ಷದವರೆಗಿನ ಬಹುತೇಕ ರೋಗಿಗಳಿಗೆ ಐಸೋಟಾನಿಕ್ ನಿರ್ವಹಣಾ ದ್ರವವನ್ನೇ ಶಿಫಾರಸು ಮಾಡಿತು.

## ಕೊಲಾಯ್ಡ್ ದ್ರವಗಳು

ರಕ್ತನಾಳದ ಭಿತ್ತಿಯನ್ನು ಸುಲಭವಾಗಿ ದಾಟಲಾರದ ದೊಡ್ಡ ಅಣುಗಳಿರುವ ದ್ರವಗಳಿವು. ರಕ್ತನಾಳಗಳಲ್ಲೇ ಹೆಚ್ಚು ಹೊತ್ತು ಉಳಿದು ನೀರನ್ನು ಹಿಡಿದಿಡುತ್ತವೆ.

* ಆಲ್ಬುಮಿನ್: ಮಾನವ ರಕ್ತದಿಂದ ಬೇರ್ಪಡಿಸಿದ ಪ್ರೋಟೀನು. ಯಕೃತ್ ರೋಗಿಗಳ ಹೊಟ್ಟೆಯಿಂದ ಹೆಚ್ಚಿನ ಪ್ರಮಾಣದ ನೀರು ತೆಗೆದಾಗ ಶೇ. 20ರ ದ್ರಾವಣವನ್ನು ಕೊಡುತ್ತಾರೆ. 2004ರಲ್ಲಿ ಪ್ರಕಟವಾದ ‘ಸೇಫ್’ ಅಧ್ಯಯನದಲ್ಲಿ ತೀವ್ರ ನಿಗಾ ಘಟಕದ ರೋಗಿಗಳ ಒಟ್ಟು ಮರಣ ಪ್ರಮಾಣದಲ್ಲಿ ಆಲ್ಬುಮಿನ್ ಮತ್ತು ಸಲೈನ್ ನಡುವೆ ವ್ಯತ್ಯಾಸ ಕಂಡುಬರಲಿಲ್ಲ.
* ಜೆಲಾಟಿನ್ ಮತ್ತು ಡೆಕ್ಸ್‌ಟ್ರಾನ್: ರಕ್ತದ ಪರಿಮಾಣವನ್ನು ಹೆಚ್ಚಿಸುತ್ತವೆ. ಅಲರ್ಜಿಯ ಅಪಾಯವಿರುವುದರಿಂದ ಮೊದಲ ಕೆಲವು ನಿಮಿಷ ರೋಗಿಯ ಬಳಿಯೇ ಇದ್ದು ಗಮನಿಸಬೇಕು.
* ಹೈಡ್ರಾಕ್ಸಿಈಥೈಲ್ ಸ್ಟಾರ್ಚ್: ಒಂದು ಕಾಲದಲ್ಲಿ ವ್ಯಾಪಕವಾಗಿ ಬಳಕೆಯಲ್ಲಿತ್ತು. ಮೂತ್ರಪಿಂಡಗಳಿಗೆ ಹಾನಿ ಮಾಡುತ್ತದೆಂದು 2012ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನಗಳು ತೋರಿಸಿದ ಬಳಿಕ ಇದರ ಬಳಕೆ ಕುಸಿಯಿತು.

## ಇತರ ದ್ರವಗಳು

ಮಿದುಳಿನ ಊತವನ್ನು ತಗ್ಗಿಸುವ ಶೇ. 20ರ ಮ್ಯಾನಿಟಾಲ್ ತಂಪಿನಲ್ಲಿ ಹರಳುಗಟ್ಟುವ ಗುಣವುಳ್ಳದ್ದು. ಹರಳುಗಳಿದ್ದರೆ ಹಾಗೆಯೇ ಹರಿಸಬಾರದು. ಪೊಟ್ಯಾಸಿಯಂ ಕ್ಲೋರೈಡ್ ಅನ್ನು ಯಾವ ಕಾರಣಕ್ಕೂ ದುರ್ಬಲಗೊಳಿಸದೆ ಸಿರಿಂಜಿನಿಂದ ನೇರವಾಗಿ ಅಭಿಧಮನಿಗೆ ಕೊಡಬಾರದು; ಹೃದಯ ತಕ್ಷಣ ನಿಲ್ಲಬಹುದು. ಅದನ್ನು ದ್ರವದಲ್ಲಿ ಚೆನ್ನಾಗಿ ಬೆರೆಸಿ, ಬಾಟಲಿಯ ಮೇಲೆ ಪ್ರಮಾಣವನ್ನು ನಮೂದಿಸಿ, ಸಾಮಾನ್ಯ ವಾರ್ಡಿನಲ್ಲಿ ಗಂಟೆಗೆ 10 ಮಿಲಿಮೋಲ್ ಮೀರದಂತೆ ಹರಿಸುವುದು ರೂಢಿ. ಕೊಡುವ ಮೊದಲು ರೋಗಿ ಮೂತ್ರ ವಿಸರ್ಜಿಸುತ್ತಿದ್ದಾರೆಯೇ ಎಂದು ನೋಡಿಕೊಳ್ಳಬೇಕು.

## ಕೆಲವು ಸ್ಥಿತಿಗಳಲ್ಲಿ ಬಳಕೆ

ತೀವ್ರ ಭೇದಿ ಮತ್ತು ಕಾಲರಾ: ತೀವ್ರ ನಿರ್ಜಲೀಕರಣವಿದ್ದಾಗ ವಿಶ್ವ ಆರೋಗ್ಯ ಸಂಸ್ಥೆಯ ಕ್ರಮದಂತೆ ಪ್ರತಿ ಕಿಲೋ ತೂಕಕ್ಕೆ 100 ಮಿ.ಲೀ. ರಿಂಗರ್ ಲ್ಯಾಕ್ಟೇಟ್ ಕೊಡಲಾಗುತ್ತದೆ. ಒಂದು ವರ್ಷದೊಳಗಿನ ಶಿಶುಗಳಿಗೆ ಮೊದಲ 30 ಮಿ.ಲೀ.ಯನ್ನು 1 ಗಂಟೆಯಲ್ಲಿ, ಉಳಿದ 70 ಮಿ.ಲೀ.ಯನ್ನು 5 ಗಂಟೆಗಳಲ್ಲಿ. ದೊಡ್ಡವರಿಗೆ ಮೊದಲ 30 ಮಿ.ಲೀ.ಯನ್ನು ಅರ್ಧ ಗಂಟೆಯಲ್ಲಿ, ಉಳಿದುದನ್ನು ಎರಡೂವರೆ ಗಂಟೆಯಲ್ಲಿ ಹರಿಸುತ್ತಾರೆ.

ಸುಟ್ಟಗಾಯ: ಪಾರ್ಕ್‌ಲ್ಯಾಂಡ್ ಸೂತ್ರದಂತೆ ಮೊದಲ 24 ಗಂಟೆಗಳ ದ್ರವ = 4 ಮಿ.ಲೀ. × ದೇಹತೂಕ × ಸುಟ್ಟ ಭಾಗದ ಶೇಕಡಾ ಪ್ರಮಾಣ. 60 ಕಿಲೋ ತೂಕದ ವ್ಯಕ್ತಿಯ ದೇಹದ ಶೇ. 30 ಭಾಗ ಸುಟ್ಟಿದ್ದರೆ 7200 ಮಿ.ಲೀ. ಬೇಕು. ಇದರಲ್ಲಿ ಅರ್ಧವನ್ನು ಮೊದಲ 8 ಗಂಟೆಗಳಲ್ಲಿ ಕೊಡಬೇಕು. ಈ 8 ಗಂಟೆಯನ್ನು ಆಸ್ಪತ್ರೆಗೆ ಬಂದ ಹೊತ್ತಿನಿಂದಲ್ಲ, ಸುಟ್ಟ ಹೊತ್ತಿನಿಂದ ಎಣಿಸಬೇಕು. ರೋಗಿ ಎರಡು ಗಂಟೆ ತಡವಾಗಿ ಬಂದಿದ್ದರೆ 3600 ಮಿ.ಲೀ.ಯನ್ನು ಉಳಿದ 6 ಗಂಟೆಗಳಲ್ಲಿ, ಅಂದರೆ ಗಂಟೆಗೆ 600 ಮಿ.ಲೀ.ಯಂತೆ ಕೊಡಬೇಕಾಗುತ್ತದೆ. ಸೂತ್ರದಿಂದ ದೊರೆಯುವುದು ಆರಂಭದ ಅಂದಾಜು ಮಾತ್ರ. ಮುಂದೆ ಮೂತ್ರದ ಪ್ರಮಾಣವನ್ನು ನೋಡಿ ವೇಗವನ್ನು ಹೊಂದಿಸುತ್ತಾರೆ.

ಡೆಂಗಿ: ರೋಗ ಉಲ್ಬಣಿಸುವ ಹಂತದಲ್ಲಿ ಪ್ಲಾಸ್ಮಾ ರಕ್ತನಾಳಗಳಿಂದ ಸೋರುತ್ತದೆ. ಆಗ ಐಸೋಟಾನಿಕ್ ದ್ರವವನ್ನು ಅಳೆದು ಕೊಡಬೇಕು. ಒಂದೆರಡು ದಿನಗಳಲ್ಲಿ ಸೋರಿದ ದ್ರವ ಮತ್ತೆ ನಾಳಗಳಿಗೆ ಮರಳುತ್ತದೆ. ಆ ಹಂತದಲ್ಲಿಯೂ ದ್ರವವನ್ನು ಮುಂದುವರಿಸಿದರೆ ಶ್ವಾಸಕೋಶದಲ್ಲಿ ನೀರು ತುಂಬುವ ಅಪಾಯವಿದೆ.

ಮಧುಮೇಹದ ಕೀಟೋಅಸಿಡೋಸಿಸ್: ಮೊದಲು ಶೇ. 0.9ರ ಸಲೈನ್ ಕೊಟ್ಟು, ರಕ್ತದ ಸಕ್ಕರೆ 200ರಿಂದ 250 ಮಿ.ಗ್ರಾಂ.ಗೆ ಇಳಿದಾಗ ಡೆಕ್ಸ್‌ಟ್ರೋಸ್ ಸೇರಿಸುತ್ತಾರೆ. ಇನ್ಸುಲಿನ್ ಮುಂದುವರಿಯುತ್ತದೆ.

ಹೆಚ್ಚು ದ್ರವ ಯಾವಾಗಲೂ ಹಿತಕರವಲ್ಲ. ಉಗಾಂಡಾ, ಕೀನ್ಯಾ ಮತ್ತು ಟಾಂಜಾನಿಯಾಗಳಲ್ಲಿ ತೀವ್ರ ಜ್ವರದ 3141 ಮಕ್ಕಳ ಮೇಲೆ ನಡೆದು 2011ರಲ್ಲಿ ಪ್ರಕಟವಾದ ‘ಫೀಸ್ಟ್’ ಅಧ್ಯಯನದಲ್ಲಿ, ಒಮ್ಮೆಲೇ ವೇಗವಾಗಿ ದ್ರವ ಪಡೆದ ಮಕ್ಕಳಲ್ಲಿ ಮರಣ ಪ್ರಮಾಣ ಹೆಚ್ಚಾಗಿತ್ತು.

## ಶುಶ್ರೂಷಾ ಕ್ರಮ

### ಆರಂಭಿಸುವ ಮೊದಲು

ವೈದ್ಯರ ಲಿಖಿತ ಆದೇಶ, ರೋಗಿಯ ಗುರುತು, ಅಲರ್ಜಿಯ ವಿವರ ಮತ್ತು ಇತ್ತೀಚಿನ ರಕ್ತ ಪರೀಕ್ಷೆಗಳನ್ನು ನೋಡಬೇಕು. ಬಾಟಲಿಯ ಹೆಸರು, ಸಾಂದ್ರತೆ ಮತ್ತು ಅವಧಿ ಮುಗಿಯುವ ದಿನಾಂಕವನ್ನು ಓದಿ, ಬೆಳಕಿಗೆ ಹಿಡಿದು ಕಸ, ಮಬ್ಬು ಅಥವಾ ಸೋರಿಕೆ ಇದೆಯೇ ಎಂದು ಪರೀಕ್ಷಿಸಬೇಕು. ವಿವಿಧ ದ್ರವಗಳ ಬಾಟಲಿಗಳು ನೋಡಲು ಒಂದೇ ರೀತಿ ಇರುವುದರಿಂದ ಹೆಸರನ್ನು ಓದದೆ ಕಪಾಟಿನ ಜಾಗದ ಮೇಲೆ ನಂಬಿಕೆಯಿಟ್ಟು ತೆಗೆದುಕೊಳ್ಳಬಾರದು. ಬಾಟಲಿಗೆ ಗಾಳಿ ಹೋಗಲೆಂದು ಸೂಜಿ ಚುಚ್ಚುವುದರಿಂದ ಸೋಂಕು ಒಳಸೇರುತ್ತದೆ. ಗಾಳಿದ್ವಾರವುಳ್ಳ ಸೆಟ್ ಅಥವಾ ತಾನಾಗಿ ಕುಗ್ಗುವ ಚೀಲವನ್ನು ಬಳಸಬೇಕು.

ಕ್ಯಾನುಲಾಗಳ ಗಾತ್ರವನ್ನು ಬಣ್ಣದಿಂದ ಗುರುತಿಸುತ್ತಾರೆ: 16 ಗೇಜ್ ಬೂದು, 18 ಹಸಿರು, 20 ಗುಲಾಬಿ, 22 ನೀಲಿ, 24 ಹಳದಿ. ಸಂಖ್ಯೆ ಹೆಚ್ಚಿದಂತೆ ಕ್ಯಾನುಲಾ ತೆಳುವಾಗುತ್ತದೆ. ಶಾಕ್‌ನಲ್ಲಿರುವ ವಯಸ್ಕರಿಗೆ 16 ಅಥವಾ 18, ಶಿಶುಗಳಿಗೆ 24 ಗೇಜ್ ಬಳಸುವುದು ಸಾಮಾನ್ಯ.

### ಹನಿಗಳ ಲೆಕ್ಕ

ನಿಮಿಷಕ್ಕೆ ಹನಿಗಳು = ದ್ರವದ ಪ್ರಮಾಣ (ಮಿ.ಲೀ.) × ಒಂದು ಮಿ.ಲೀ.ಗೆ ಬೀಳುವ ಹನಿಗಳು ÷ ಕಾಲ (ನಿಮಿಷ)

ಒಂದು ಮಿ.ಲೀ.ಗೆ ಬೀಳುವ ಹನಿಗಳ ಸಂಖ್ಯೆ ಸೆಟ್‌ನ ಹೊದಿಕೆಯ ಮೇಲೆ ಮುದ್ರಿತವಾಗಿರುತ್ತದೆ. ಸಾಮಾನ್ಯ ಸೆಟ್‌ಗಳಲ್ಲಿ ಇದು 10, 15 ಅಥವಾ 20. ಮೈಕ್ರೋ ಸೆಟ್‌ನಲ್ಲಿ 60. 500 ಮಿ.ಲೀ. ದ್ರವವನ್ನು 20 ಹನಿಗಳ ಸೆಟ್‌ನಲ್ಲಿ 4 ಗಂಟೆಗಳಲ್ಲಿ ಕೊಡಬೇಕಾದರೆ 500 × 20 ÷ 240 = 41.7, ಅಂದರೆ ನಿಮಿಷಕ್ಕೆ ಸುಮಾರು 42 ಹನಿಗಳು. ಮೈಕ್ರೋ ಸೆಟ್‌ನಲ್ಲಿ ನಿಮಿಷದ ಹನಿಗಳ ಸಂಖ್ಯೆಯೂ ಗಂಟೆಯ ಮಿ.ಲೀ. ಸಂಖ್ಯೆಯೂ ಒಂದೇ ಆಗಿರುತ್ತದೆ.

ಮಕ್ಕಳ ನಿರ್ವಹಣಾ ದ್ರವವನ್ನು 1957ರಲ್ಲಿ ಹಾಲಿಡೇ ಮತ್ತು ಸೆಗರ್ ರೂಪಿಸಿದ ವಿಧಾನವನ್ನು ಆಧರಿಸಿ ಲೆಕ್ಕ ಹಾಕುತ್ತಾರೆ: ಮೊದಲ 10 ಕಿಲೋಗೆ ಗಂಟೆಗೆ ತಲಾ 4 ಮಿ.ಲೀ., ಮುಂದಿನ 10 ಕಿಲೋಗೆ ತಲಾ 2 ಮಿ.ಲೀ., ಅನಂತರದ ಪ್ರತಿ ಕಿಲೋಗೆ 1 ಮಿ.ಲೀ. ಇದರಂತೆ 22 ಕಿಲೋ ತೂಕದ ಮಗುವಿಗೆ 40 + 20 + 2 = ಗಂಟೆಗೆ 62 ಮಿ.ಲೀ.

### ನಿಗಾ

ನಾಡಿ, ರಕ್ತದೊತ್ತಡ, ಉಸಿರಾಟದ ವೇಗ ಮತ್ತು ಆಮ್ಲಜನಕದ ಮಟ್ಟವನ್ನು ದಾಖಲಿಸಬೇಕು. ದೇಹಕ್ಕೆ ಸೇರಿದ ಮತ್ತು ಹೊರಹೋದ ದ್ರವದ ಲೆಕ್ಕವನ್ನು ಆಯಾ ಹೊತ್ತಿಗೇ ಬರೆಯಬೇಕು. ವಯಸ್ಕರಲ್ಲಿ ಪ್ರತಿ ಕಿಲೋ ತೂಕಕ್ಕೆ ಗಂಟೆಗೆ ಕನಿಷ್ಠ 0.5 ಮಿ.ಲೀ., ಮಕ್ಕಳಲ್ಲಿ 1 ಮಿ.ಲೀ. ಮೂತ್ರ ಬರುತ್ತಿರಬೇಕು. ದಿನವೂ ಒಂದೇ ಹೊತ್ತಿನಲ್ಲಿ ತೂಕ ನೋಡುವುದು ಸರಳವೂ ನಂಬಲರ್ಹವೂ ಆದ ವಿಧಾನ. ಒಂದೇ ದಿನದಲ್ಲಿ ಒಂದು ಕಿಲೋ ಹೆಚ್ಚಿದರೆ ದೇಹದಲ್ಲಿ ಸುಮಾರು ಒಂದು ಲೀಟರ್ ದ್ರವ ಉಳಿದಿದೆ ಎಂದರ್ಥ. ರೋಗಿ ಕೈ ಮಡಚಿದಾಗ ಅಥವಾ ಮಗ್ಗುಲು ಬದಲಿಸಿದಾಗ ಹನಿಗಳ ವೇಗ ಬದಲಾಗುವುದರಿಂದ ಆಗಾಗ ಎಣಿಸಬೇಕು. ಹಿಂದುಳಿದ ದ್ರವವನ್ನು ಸರಿದೂಗಿಸಲೆಂದು ಕೊನೆಯಲ್ಲಿ ವೇಗವನ್ನು ತಾವಾಗಿ ಹೆಚ್ಚಿಸುವುದು ಅಪಾಯಕರ.

## ತೊಡಕುಗಳು

* ದ್ರವ ಸೋರಿಕೆ: ಕ್ಯಾನುಲಾ ನಾಳದಿಂದ ಸರಿದು ದ್ರವ ಸುತ್ತಲಿನ ಅಂಗಾಂಶಕ್ಕೆ ಸೇರುತ್ತದೆ. ಆ ಜಾಗ ಊದಿ, ತಣ್ಣಗಾಗಿ, ಬಿಗಿಯುತ್ತದೆ. ಹರಿವನ್ನು ನಿಲ್ಲಿಸಿ, ಕ್ಯಾನುಲಾ ತೆಗೆದು, ಕೈಯನ್ನು ಎತ್ತರಿಸಿ ಇಡಬೇಕು. ಸಾಂದ್ರ ಡೆಕ್ಸ್‌ಟ್ರೋಸ್, ಕ್ಯಾಲ್ಸಿಯಂ ಮೊದಲಾದವು ಸೋರಿದರೆ ಅಂಗಾಂಶವೇ ಕೊಳೆಯಬಹುದು. ಇಂತಹ ಸಂದರ್ಭದಲ್ಲಿ ಕ್ಯಾನುಲಾ ತೆಗೆಯುವ ಮೊದಲು ಅದರ ಮೂಲಕ ದ್ರವವನ್ನು ಹಿಂದಕ್ಕೆ ಎಳೆದು ವೈದ್ಯರಿಗೆ ತಕ್ಷಣ ತಿಳಿಸಬೇಕು.
* ಅಭಿಧಮನಿಯ ಉರಿಯೂತ: ನಾಳದುದ್ದಕ್ಕೂ ಕೆಂಪು, ನೋವು, ಬಿಸಿ ಕಂಡುಬರುತ್ತದೆ. ಕ್ಯಾನುಲಾವನ್ನು ತೆಗೆದು ಬೇರೆ ಜಾಗದಲ್ಲಿ ಹಾಕಬೇಕು.
* ದ್ರವದ ಮಿತಿಮೀರುವಿಕೆ: ಏದುಸಿರು, ಕೆಮ್ಮು, ಕುತ್ತಿಗೆಯ ನಾಳಗಳ ಉಬ್ಬು, ಶ್ವಾಸಕೋಶದಲ್ಲಿ ಗುರುಗುರು ಶಬ್ದ ಇದರ ಲಕ್ಷಣಗಳು. ವೃದ್ಧರು, ಶಿಶುಗಳು, ಹೃದಯ ಮತ್ತು ಮೂತ್ರಪಿಂಡದ ರೋಗಿಗಳಲ್ಲಿ ಹೆಚ್ಚು. ಹರಿವನ್ನು ತಗ್ಗಿಸಿ, ರೋಗಿಯನ್ನು ಕೂರಿಸಿ, ಆಮ್ಲಜನಕ ಕೊಟ್ಟು ವೈದ್ಯರನ್ನು ಕರೆಯಬೇಕು.
* ಗಾಳಿ ಸೇರುವಿಕೆ: ಕೊಳವೆಯ ಗಾಳಿಯನ್ನು ಪೂರ್ತಿ ಹೊರಹಾಕದಿದ್ದರೆ ಅಥವಾ ಜೋಡಣೆ ಕಳಚಿದರೆ ಉಂಟಾಗುತ್ತದೆ. ಕೊಳವೆಯನ್ನು ಮುಚ್ಚಿ, ತಲೆ ತಗ್ಗಿಸಿ ರೋಗಿಯನ್ನು ಎಡಮಗ್ಗುಲಿಗೆ ಮಲಗಿಸಬೇಕು.
* ರಕ್ತದ ಸೋಂಕು: ಕಾರಣವಿಲ್ಲದೆ ಚಳಿಜ್ವರ ಬಂದರೆ ಕ್ಯಾನುಲಾವನ್ನು ಶಂಕಿಸಬೇಕು. ಕೈ ತೊಳೆಯುವುದು ಮತ್ತು ಅಗತ್ಯ ಮುಗಿದೊಡನೆ ಕ್ಯಾನುಲಾ ತೆಗೆಯುವುದು ಇದನ್ನು ತಡೆಯುವ ಮುಖ್ಯ ದಾರಿಗಳು.

## ಜನರಲ್ಲಿರುವ ತಪ್ಪು ಕಲ್ಪನೆಗಳು

ಸುಸ್ತಾದಾಗ ‘ಒಂದು ಬಾಟಲಿ ಗ್ಲೂಕೋಸ್’ ಹಾಕಿಸಿಕೊಂಡರೆ ಶಕ್ತಿ ಬರುತ್ತದೆಂಬ ನಂಬಿಕೆ ಕರ್ನಾಟಕವೂ ಸೇರಿದಂತೆ ಭಾರತದ ಹಲವೆಡೆ ಇದೆ. ಅರ್ಧ ಲೀಟರಿನ ಶೇ. 5ರ ಡೆಕ್ಸ್‌ಟ್ರೋಸ್ ಬಾಟಲಿಯಲ್ಲಿರುವುದು 25 ಗ್ರಾಂ ಸಕ್ಕರೆ. ಅದರಿಂದ ದೊರೆಯುವುದು ಸುಮಾರು 85 ಕಿಲೋಕ್ಯಾಲರಿ ಮಾತ್ರ. ಇದು ಒಂದು ದೊಡ್ಡ ಬಾಳೆಹಣ್ಣಿನಿಂದಲೂ ಸಿಗುತ್ತದೆ. ಬಾಯಿಯ ಮೂಲಕ ಕುಡಿಯಬಲ್ಲ ವ್ಯಕ್ತಿಗೆ ಅನಗತ್ಯವಾಗಿ ದ್ರವ ಹಾಕುವುದರಿಂದ ಸೋಂಕು ಮತ್ತು ಉರಿಯೂತದ ಅಪಾಯವೇ ಹೆಚ್ಚು. ಮಧುಮೇಹಿಗಳಲ್ಲಿ ಸಕ್ಕರೆ ಏರಬಹುದು.

1971ರಲ್ಲಿ ಬಾಂಗ್ಲಾ ವಿಮೋಚನಾ ಯುದ್ಧದ ವೇಳೆ ಪಶ್ಚಿಮ ಬಂಗಾಳದ ಬನಗಾಂವ್‌ನ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹಬ್ಬಿ ಅಭಿಧಮನಿ ದ್ರವದ ದಾಸ್ತಾನು ಮುಗಿಯುತ್ತ ಬಂದಾಗ, ವೈದ್ಯ ದಿಲೀಪ್ ಮಹಲನಬಿಸ್ ಉಪ್ಪು, ಅಡುಗೆ ಸೋಡಾ ಮತ್ತು ಗ್ಲೂಕೋಸ್ ಬೆರೆಸಿದ ನೀರನ್ನು ರೋಗಿಗಳಿಗೆ ಕುಡಿಸಿದರು. ಸುಮಾರು ಶೇ. 30ರಷ್ಟಿದ್ದ ಮರಣ ಪ್ರಮಾಣ ಶೇ. 4ಕ್ಕಿಂತ ಕೆಳಗಿಳಿಯಿತು. ಇಂದು ಒ.ಆರ್.ಎಸ್. ಎಂದು ಪ್ರಸಿದ್ಧವಾಗಿರುವ ಈ ದ್ರಾವಣ, ಪ್ರಜ್ಞೆಯಿದ್ದು ಕುಡಿಯಬಲ್ಲ ಬಹುತೇಕ ಭೇದಿ ರೋಗಿಗಳಿಗೆ ಸಾಕಾಗುತ್ತದೆ. ತೀವ್ರ ನಿರ್ಜಲೀಕರಣ, ಶಾಕ್, ಪ್ರಜ್ಞಾಹೀನತೆ ಮತ್ತು ನಿಲ್ಲದ ವಾಂತಿ ಇದ್ದಾಗ ಮಾತ್ರ ಅಭಿಧಮನಿ ದ್ರವ ಅನಿವಾರ್ಯವಾಗುತ್ತದೆ.